ಸಹಾಯ ಬೇಕು: ಹಾಸನದಲ್ಲಿ ಸಾಕ್ಷ್ಯಚಿತ್ರ ಪ್ರದರ್ಶನಕ್ಕೆ

ನಮಸ್ಕಾರ. ನಾವು ಕೆಲವು ಗೆಳತಿಯರು ಸೇರಿ ಹಾಸನದಲ್ಲಿ ‘ದಿ ಇನ್‌ವಿಸಿಬಲ್ ವಾರ್’ (2012) ತೋರಿಸಬೇಕು ಅಂತಿದ್ದೀವಿ. ಅಮೆರಿಕದ ಸೇನೆಯಲ್ಲಿ ಜೊತೆಯವರಿಂದಲೇ ಅತ್ಯಾಚಾರಕ್ಕೊಳಗಾದವರು, ಹೆಂಗಸರಷ್ಟೇ ಅಲ್ಲ ಗಂಡಸರೂ, ಇದರಲ್ಲಿ ಮುಖ ತೋರಿಸಿ ಮಾತಾಡಿದ್ದಾರೆ. ಆಗೆಲ್ಲ ಕೇಸು ಮುಂದುವರಿಸಬೇಕೋ ಬೇಡವೋ ಅನ್ನೋದು ಅವರ ಕಮಾಂಡರ್ ಕೈಯಲ್ಲೇ ಇತ್ತು. ಅಂದಿನ ರಕ್ಷಣಾ ಕಾರ್ಯದರ್ಶಿ ಲಿಯಾನ್ ಪನೆಟ್ಟಾ ಚಿತ್ರ ನೋಡಿದ ಎರಡೇ ದಿನಕ್ಕೆ, ಆ ತೀರ್ಮಾನ ಇನ್ನೂ ಮೇಲಿನ ಅಧಿಕಾರಿಗಳಿಗೆ ಹೋಗಬೇಕು ಅಂದರು. ನನಗಂತೂ ಅದು ಸಾಲದು ಅನ್ನಿಸುತ್ತೆ.

ಮುಖ್ಯವಾಗಿ ಬೇಕಿರೋದು ಆಪ್ತಸಮಾಲೋಚಕರು. ನೋಡ್ತಾ ನೋಡ್ತಾ ಯಾರಿಗಾದರೂ ತಡೆಯಲಾಗದೆ ಎದ್ದು ಹೊರಗೆ ಬಂದರೆ, ಪಕ್ಕದಲ್ಲಿ ಕೂತು ಮಾತಾಡುವವರು ಇರಲೇಬೇಕು. ಮಹಿಳಾ ಸಹಾಯವಾಣಿ 181 ನಂಬರ್ ಗೋಡೆಗೆ ಅಂಟಿಸಿದರೆ ಮುಗಿಯಲ್ಲ. ಕನ್ನಡ ಸಬ್‌ಟೈಟಲ್ ಮಾಡಬಲ್ಲವರೂ ಬೇಕು. ಬಸ್ ಸ್ಟ್ಯಾಂಡಿಗೆ ಹತ್ತಿರ ಸಣ್ಣ ಹಾಲ್, ಪ್ರೊಜೆಕ್ಟರ್ ಇದ್ದರೆ ತಿಳಿಸಿ. ದಯವಿಟ್ಟು ಡೌನ್‌ಲೋಡ್ ಲಿಂಕ್ ಕಳಿಸಬೇಡಿ, ಹಕ್ಕುದಾರರ ಅನುಮತಿ ಪಡೆದೇ ತೋರಿಸ್ತೀವಿ.

ನಿವೃತ್ತ ಯೋಧರ ಮನೆಯವರು ಬೇಜಾರಾಗಬೇಡಿ, ಇದು ಸೈನಿಕರ ವಿರುದ್ಧ ಅಲ್ಲ. ಚಿತ್ರದಲ್ಲಿ ನೊಂದವರೂ ಸೈನಿಕರೇ. 2022ರಿಂದ ನಮ್ಮ ಹುಡುಗಿಯರೂ ಸೇನಾಧಿಕಾರಿಗಳಾಗಲು ತರಬೇತಿ ಕೊಡುವ ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಸೇರ್ತಿದ್ದಾರೆ. ಚರ್ಚೆಗೆ ಮಾಜಿ ಸೈನಿಕರೊಬ್ಬರು ಬಂದರೆ ತುಂಬಾ ಒಳ್ಳೆಯದು.

ದಿನಾಂಕ ಇನ್ನೂ ಗೊತ್ತಾಗಿಲ್ಲ, ಹಾಲ್ ಸಿಕ್ಕಮೇಲೆ ಹೇಳ್ತೀನಿ. ಕಾಮೆಂಟ್‌ನಲ್ಲಿ ಬೇಡ ಅನ್ನಿಸಿದರೆ ಇನ್‌ಬಾಕ್ಸ್ ಮಾಡಿ.