1971ರ ಮೆಡಲ್ ಅಪ್ಪನ ಡಿಸ್ಚಾರ್ಜ್ ಬುಕ್‌ನಲ್ಲಿ ಬಿಟ್ಟುಹೋಗಿದೆ, ಈಗ ಸೇರಿಸಬಹುದಾ?

ಫೌಜಿಯ ಮಗಳು:

ಎಲ್ಲರಿಗೂ ನಮಸ್ಕಾರ. ಮಿಲಿಟರಿ ಕಾಗದಪತ್ರದ ವಿಷಯ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

ನಮ್ಮಪ್ಪ 1968ರಲ್ಲಿ ಡ್ರೈವರ್ ಆಗಿ ಸೇನೆಗೆ ಸೇರಿದರು. 15 ವರ್ಷ ಮುಗಿಸಿ 1983ರಲ್ಲಿ ಪೆನ್ಷನ್ ತಗೊಂಡು ಊರಿಗೆ ಬಂದರು. 1971ರ ಯುದ್ಧದಲ್ಲಿ ತ್ರಿಪುರಾದಲ್ಲಿದ್ದರು. ಧರ್ಮನಗರದಲ್ಲಿ ರೈಲಿನಿಂದ ಇಳಿಸಿದ ಸಾಮಾನನ್ನು ಲಾರಿಗೆ ತುಂಬಿಕೊಂಡು ತೇಲಿಯಾಮುರಾ, ಅಗರ್ತಲಾ ಕಡೆಗೆ ಮುಟ್ಟಿಸುವುದು ಅವರ ಕೆಲಸ. ಮಳೆಗಾಲದಲ್ಲಿ ಆ ರಸ್ತೆ ಹೇಗಿತ್ತು, ಕೆಸರಲ್ಲಿ ಹೂತ ಲಾರಿನ ಹೇಗೆ ಎತ್ತಿದರು ಅಂತ ಇವತ್ತಿಗೂ ಊಟಕ್ಕೆ ಕೂತಾಗ ಶುರು ಮಾಡಿದರೆ ಮಜ್ಜಿಗೆ ಅನ್ನ ಮುಗಿದರೂ ಕಥೆ ಮುಗಿಯಲ್ಲ.

ಹೋದ ಡಿಸೆಂಬರ್ 16ಕ್ಕೆ ನಮ್ಮ ತಾಲ್ಲೂಕಿನಲ್ಲಿ ವಿಜಯ ದಿವಸ ಅಂತ ಕರೆದು ಶಾಲು ಹೊದಿಸಿದರು. ಪಕ್ಕದಲ್ಲಿ ಕೂತಿದ್ದ ಅವರದೇ ವಯಸ್ಸಿನವರ ಎದೆ ಮೇಲೆ ನಾಲ್ಕೈದು ಮೆಡಲ್. ಅಪ್ಪನದು ಎರಡೇ. ಒಂದು 25ನೇ ಸ್ವಾತಂತ್ರ್ಯೋತ್ಸವದ್ದು, ಇನ್ನೊಂದು 9 ವರ್ಷದ ಲಾಂಗ್ ಸರ್ವಿಸ್. 1971ರ ಯುದ್ಧಕ್ಕೆ ಕೊಟ್ಟ ಪೂರ್ವಿ ಸ್ಟಾರ್ ಇಲ್ಲ, ಸಂಗ್ರಾಮ್ ಮೆಡಲ್ ಇಲ್ಲ. ಮನೆಗೆ ಬಂದು ಡಿಸ್ಚಾರ್ಜ್ ಬುಕ್ ತೆಗೆದು ನೋಡಿದೆ. ಅದರಲ್ಲೂ ಆ ಎರಡರ ಎಂಟ್ರಿನೇ ಇಲ್ಲ.

ಅಪ್ಪ ಹೇಳುವ ಕಾರಣ ಇಷ್ಟು. ಯುದ್ಧಕ್ಕೆ ಕೆಲವು ತಿಂಗಳು ಮೊದಲು ಅವರನ್ನು ಸ್ವಂತ ಯೂನಿಟ್‌ನಿಂದ ಬೇರೆ ಯೂನಿಟ್‌ಗೆ ಅಟ್ಯಾಚ್‌ಮೆಂಟ್ ಮೇಲೆ ಕಳಿಸಿದ್ದರು, 1972ರ ಫೆಬ್ರವರಿಯಲ್ಲಿ ವಾಪಸ್ ಕರೆಸಿಕೊಂಡರು. ಸ್ವಂತ ಯೂನಿಟ್ ಆಗ ದಕ್ಷಿಣದಲ್ಲೇ ಇತ್ತು. ಮೆಡಲ್ ಲಿಸ್ಟ್ ಮಾಡುವಾಗ ಈ ಯೂನಿಟ್‌ನವರೂ ಇವರ ಹೆಸರು ಬರೆಯಲಿಲ್ಲ, ಆ ಯೂನಿಟ್‌ನವರೂ ಬರೆಯಲಿಲ್ಲ. ಅಪ್ಪ ಕೇಳಲೂ ಇಲ್ಲ.

ಸೇನೆಯ ರೆಕಾರ್ಡ್ಸ್ ಆಫೀಸಿಗೆ ಎರಡು ಸಲ ಅರ್ಜಿ ಕಳಿಸಿದ್ದೇವೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ದಾಖಲೆಯಲ್ಲಿ ಇಲ್ಲ ಅಂತ ಒಂದೇ ಸಾಲು ಬಂತು. ಇಲ್ಲ ಅಂತಲೇ ತಾನೇ ನಾವು ಬರೆದಿದ್ದು! ಮುಂದೇನು ಮಾಡಬೇಕು?

ಸುಮ್ನೆ ಬಂದೆ:

ಮೇಡಂ, ಇದರಿಂದ ಪೆನ್ಷನ್ ಒಂದು ರೂಪಾಯಿನೂ ಜಾಸ್ತಿ ಆಗಲ್ಲ. ದುಡ್ಡು ಬರೋದು ಶೌರ್ಯ ಪ್ರಶಸ್ತಿಗಳಿಗೆ, ಇವಕ್ಕಲ್ಲ. ಕಂಟೋನ್ಮೆಂಟ್ ಕಡೆ ಅಂಗಡಿಗಳಲ್ಲಿ ರಿಬ್ಬನ್ ಸಮೇತ ಸಿಗುತ್ತೆ. ಸರ್ವಿಸ್‌ನಲ್ಲಿ ಇರುವವರೇ ಎಷ್ಟೋ ಜನ ಅಲ್ಲಿಂದ ತಂದು ಹಾಕಿಕೊಳ್ಳುತ್ತಾರೆ. ಈ ವಯಸ್ಸಲ್ಲಿ ಯಜಮಾನರನ್ನು ಯಾಕೆ ಓಡಾಡಿಸ್ತೀರಾ?

ಫೌಜಿಯ ಮಗಳು:

ನೀವು ಹೇಳಿದ್ದನ್ನೇ ನಮ್ಮಣ್ಣನೂ ಹೇಳಿದ. ಅಪ್ಪ ತಮ್ಮ ಲಾಂಗ್ ಸರ್ವಿಸ್ ಮೆಡಲ್ ತೆಗೆದು ಅದರ ಅಂಚು ತೋರಿಸಿದರು. ನಂಬರ್, ರ‍್ಯಾಂಕ್, ಹೆಸರು ಸಣ್ಣಗೆ ಕೆತ್ತಿದೆ. ಅಂಗಡಿಯದ್ದರಲ್ಲಿ ಯಾರ ನಂಬರ್ ಇರುತ್ತೆ ಅಂತ ಕೇಳಿ ಎದ್ದು ಹೋದರು. ಆಮೇಲೆ ಯಾರೂ ಆ ಮಾತು ಎತ್ತಿಲ್ಲ.

ಗುಂಡು ಹಾರಿಸದ ಕ್ಲರ್ಕ್:

ನಾನು ಸೇನೆಯಲ್ಲಿ 24 ವರ್ಷ ಬರೀ ಪೆನ್ನು ಹಿಡಿದವನು, ಹಾಗಾಗಿ ಈ ಪ್ರಶ್ನೆ ನನ್ನದೇ ಅಂದುಕೊಳ್ಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ನಿಮ್ಮ ಅರ್ಜಿಯ ತಪ್ಪು ಹೇಳುತ್ತೇನೆ ತಾಯಿ. ನೀವು ಮೆಡಲ್ ಕೊಡಿ ಅಂತ ಕೇಳಿದ್ದೀರಿ ಅಲ್ವಾ? ರೆಕಾರ್ಡ್ಸ್‌ನಲ್ಲಿ ಕೂತವನು ಅಂಥ ಅರ್ಜಿ ಬಂದರೆ ಏನು ಮಾಡ್ತಾನೆ ಅಂದ್ರೆ, ನಿಮ್ಮಪ್ಪನ ಶೀಟ್ ರೋಲ್, ಅಂದರೆ ಸರ್ವಿಸ್ ದಾಖಲೆ, ತೆಗೆದು ಮೆಡಲ್ ಕಾಲಂ ನೋಡ್ತಾನೆ, ಎಂಟ್ರಿ ಇಲ್ಲ, ಇಲ್ಲ ಅಂತ ಬರೆದು ಫೈಲ್ ಮುಚ್ತಾನೆ. ಅವನ ಲೆಕ್ಕದಲ್ಲಿ ಕೆಲಸ ಮುಗೀತು. ಹಕ್ಕಿದ್ದೂ ಎಂಟ್ರಿ ಆಗದೇ ಇರುವುದು ಒಂದು ಕೇಸು. ಎಂಟ್ರಿ ಆಗಿದ್ದೂ ಮೆಡಲ್ ಕೈಗೆ ಬಾರದೇ ಇರುವುದು ಇನ್ನೊಂದು. ಕೈಗೆ ಬಂದದ್ದು ಕಳೆದುಹೋಗಿರುವುದು ಮತ್ತೊಂದು, ಅದಕ್ಕೆ ದುಡ್ಡು ಕಟ್ಟಿ ಡೂಪ್ಲಿಕೇಟ್ ಕೇಳಬೇಕು. ಮೂರಕ್ಕೂ ಅರ್ಜಿ ಬೇರೆ ಬೇರೆ. ನಿಮ್ಮದು ಮೊದಲನೇ ಜಾತಿ, ಎಲ್ಲಕ್ಕಿಂತ ಕಷ್ಟದ್ದು.

ಸೇನೆಯಲ್ಲಿ ಒಬ್ಬ ಜವಾನನ ಬದುಕಿನಲ್ಲಿ ಏನೇ ನಡೆದರೂ, ರಜೆ, ಪೋಸ್ಟಿಂಗ್, ಮದುವೆ, ಮಗು, ಮೆಡಲ್, ಎಲ್ಲಕ್ಕೂ ಯೂನಿಟ್‌ನಿಂದ ಪಾರ್ಟ್ ಟು ಆರ್ಡರ್ ಹೊರಡಬೇಕು. ಆ ಆರ್ಡರ್ ರೆಕಾರ್ಡ್ಸ್‌ಗೆ ಮುಟ್ಟಿದ ಮೇಲೇ ಶೀಟ್ ರೋಲ್‌ನಲ್ಲಿ ಎಂಟ್ರಿ ಬೀಳುವುದು. ಆರ್ಡರ್ ಹೊರಡದಿದ್ದರೆ ನೀವು ಢಾಕಾದಲ್ಲೇ ನಿಂತಿದ್ದರೂ ಕಾಗದದ ಪ್ರಕಾರ ನಿಂತಿಲ್ಲ. ಅಟ್ಯಾಚ್‌ಮೆಂಟ್ ಮೇಲೆ ಹೋದವರು ಹೀಗೆ ಜಾರಿಕೊಳ್ಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೆಲಸ ತಗೊಂಡ ಯೂನಿಟ್‌ಗೆ ಇವನು ನಮ್ಮವನಲ್ಲ, ಸ್ವಂತ ಯೂನಿಟ್‌ಗೆ ಇವನು ಇಲ್ಲಿರಲಿಲ್ಲ. ಡ್ರೈವರ್‌ಗಳು, ಅಡುಗೆಯವರು, ಧೋಬಿ, ಕ್ಷೌರದವರು, ಇಂಥವರದೇ ಜಾಸ್ತಿ.

ಹಾಗಾಗಿ ಈಗ ಮೆಡಲ್ ಕೇಳಬೇಡಿ. 1971ರ ಜನವರಿಯಿಂದ 1972ರ ಕೊನೆವರೆಗೆ ಅಪ್ಪ ಎಲ್ಲೆಲ್ಲಿದ್ದರು ಅಂತ ಶೀಟ್ ರೋಲ್ ಏನು ಹೇಳುತ್ತೆ ಅನ್ನೋದನ್ನು ಕೇಳಿ. ಶೀಟ್ ರೋಲ್ ನಕಲು, ಅಟ್ಯಾಚ್‌ಮೆಂಟಿನ ಪಾರ್ಟ್ ಟು ಆರ್ಡರ್ ನಕಲು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಲೇಬೇಕು. ಅಟ್ಯಾಚ್‌ಮೆಂಟಿನ ಒಂದು ಸಾಲು ಸಿಕ್ಕರೂ ಸಾಕು, ಅರ್ಧ ಗೆದ್ದಂಗೆ.

ಇನ್ನೊಂದು ವಿಷಯ. ಎರಡೂ ಮೆಡಲ್ ಒಂದೇ ತೂಕದವಲ್ಲ. ಸಂಗ್ರಾಮ್ ಮೆಡಲ್‌ಗೆ 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರವರೆಗೆ ಲೆಕ್ಕ. ಹೆಸರಿಸಿದ ರಾಜ್ಯಗಳಲ್ಲಿ ತ್ರಿಪುರಾನೂ ಇದೆ. ಅಂದರೆ ಅಪ್ಪ 1972ರ ಜನವರಿಯಲ್ಲಿ ಅಲ್ಲಿದ್ದರು ಅಂತ ತೋರಿಸಿದರೂ ನಡೆಯುತ್ತೆ. ಪೂರ್ವಿ ಸ್ಟಾರ್ ಹಾಗಲ್ಲ, ಯುದ್ಧ ನಡೆದ ಪ್ರದೇಶದಲ್ಲಿ ಯುದ್ಧದ ದಿನಗಳಲ್ಲೇ ಇದ್ದದ್ದು ತೋರಿಸಬೇಕು. ಎರಡನ್ನೂ ಒಂದೇ ಕಾಗದದಲ್ಲಿ ಕೇಳಿದರೆ ಸ್ಟಾರ್‌ಗೆ ಪುರಾವೆ ಸಾಲದು ಅಂತ ಸಂಗ್ರಾಮ್ ಕೂಡ ಅದರ ಜೊತೆ ಮುಳುಗುತ್ತೆ. ಬೇರೆ ಬೇರೆ ಕೇಳಿ.

ಕಾಫಿ ತೋಟದ ಪೊನ್ನಕ್ಕ:

ನಮ್ಮ ಕೊಡಗಿನಲ್ಲಿ ಮನೆಗೊಬ್ಬರು ಮಿಲಿಟರಿ, ಇಂಥ ಕಾಗದದ ಜಗಳ ಮನೆಮನೆಯಲ್ಲೂ ಇದೆ. ಕ್ಲರ್ಕ್ ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಮಾಹಿತಿ ಹಕ್ಕಿನ ಅರ್ಜಿ ನೀವು ಹಾಕಬೇಡಿ ತಂಗಿ, ಅಪ್ಪನ ಹೆಸರಲ್ಲಿ, ಅಪ್ಪನ ಸಹಿಯಲ್ಲೇ ಹಾಕಿ. ಮಗಳು ಕೇಳಿದರೆ ಬೇರೆಯವರ ವೈಯಕ್ತಿಕ ಮಾಹಿತಿ ಅಂತ ತಳ್ಳಿಬಿಡಬಹುದು. ನನ್ನ ಮಾವನ ವಿಷಯದಲ್ಲಿ ನಾನು ಹೀಗೇ ಒಂದೂವರೆ ತಿಂಗಳು ಕಳಕೊಂಡೆ.

ಮತ್ತೆ ಹೆಸರು. ಡಿಸ್ಚಾರ್ಜ್ ಬುಕ್‌ನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇರುತ್ತೆ. ಉತ್ತರದ ಕ್ಲರ್ಕ್‌ಗಳು ನಮ್ಮ ಹೆಸರು ಬರೆದ ರೀತಿ ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ನನ್ನ ಮಾವನಿಗೆ ಮನೆತನದ ಹೆಸರನ್ನೇ ಅಪ್ಪನ ಹೆಸರು ಮಾಡಿದ್ದರು! ಅರ್ಜಿಯಲ್ಲಿ ರೆಕಾರ್ಡಿನಲ್ಲಿ ಇರುವ ಹಾಗೇ ಬರೆಯಿರಿ, ನಂಬರ್ ಮೊದಲು ಬರೆಯಿರಿ. ಹೆಸರಿನ ತಿದ್ದುಪಡಿ ಬೇಕಿದ್ದರೆ ಅದನ್ನು ಇದರ ಜೊತೆ ಸೇರಿಸಬೇಡಿ, ಎರಡೂ ಕೆಡುತ್ತೆ.

ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೂ ಒಂದು ಸಲ ಹೋಗಿ. ಅವರು ತಿದ್ದಲ್ಲ, ಅವರ ಕೈಯಲ್ಲಿ ಅದು ಇಲ್ಲ. ಆದರೆ ಅವರ ಕವರಿಂಗ್ ಲೆಟರ್ ಜೊತೆ ಹೋದ ಕಾಗದಕ್ಕೆ ಒಂದು ನಂಬರ್ ಬೀಳುತ್ತೆ, ಆಮೇಲೆ ಆ ನಂಬರ್ ಹಿಡಿದು ಕೇಳಬಹುದು.

ಮೈಸೂರಿನ ಮಂಜು:

ನಮ್ಮ ತಾತ ಪೆನ್ಷನ್ ಇಲ್ಲದೆ 7 ವರ್ಷಕ್ಕೇ ವಾಪಸ್ ಬಂದವರು, ಅವರದೂ 1971. ತೀರಿಕೊಂಡು ಆಯಿತು. ನಮಗೂ ಈ ದಾರಿ ನಡೆಯುತ್ತಾ?

ಗುಂಡು ಹಾರಿಸದ ಕ್ಲರ್ಕ್:

ಮಂಜು, ನಿಮ್ಮದು ಸ್ವಲ್ಪ ಕಷ್ಟ. ಪೆನ್ಷನ್ ಇಲ್ಲದವರ ಸರ್ವಿಸ್ ಕಾಗದಗಳನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುತ್ತಾರೆ. ಉಳಿಯುವುದು ಲಾಂಗ್ ರೋಲ್ ಅಂತ ಒಂದು ದಪ್ಪ ರಿಜಿಸ್ಟರಿನ ಒಂದು ಸಾಲು. ಅದರ ನಕಲು ಕೇಳಿ ನೋಡಿ. ಅಜ್ಜಿ ಇದ್ದರೆ ಅವರ ಹೆಸರಲ್ಲಿ ಕೇಳಿ, ಮರಣ ಪತ್ರ ಲಗತ್ತಿಸಿ. ತಾತನ ಡಿಸ್ಚಾರ್ಜ್ ಬುಕ್ ಮನೆಯಲ್ಲಿದ್ದರೆ ಮೊದಲು ಜೆರಾಕ್ಸ್ ಮಾಡಿಸಿ, ಅಸಲನ್ನು ಯಾರ ಕೈಗೂ ಕೊಡಬೇಡಿ. ಈಗ ಅದೇ ನಿಮ್ಮ ರೆಕಾರ್ಡ್ಸ್ ಆಫೀಸು.

ಫೌಜಿಯ ಮಗಳು, ನಿಮಗೆ ಒಂದು ಮಾತು ಮರೆತಿದ್ದೆ. ಆ ಕಾಲದಲ್ಲಿ ಅಪ್ಪ ಊರಿಗೆ ಬರೆದ ಪತ್ರ ಏನಾದರೂ ಇದೆಯಾ? ಪೂರ್ವದಲ್ಲಿದ್ದವರ ವಿಳಾಸ ಕೇರಾಫ್ 99 ಎಪಿಒ (ಆರ್ಮಿ ಪೋಸ್ಟ್ ಆಫೀಸ್), ಉತ್ತರ ಮತ್ತು ಪಶ್ಚಿಮದ ಕಡೆಯವರದು 56 ಎಪಿಒ. ಕಳಿಸಿದವರ ವಿಳಾಸದಲ್ಲಿ ಯೂನಿಟ್ ಹೆಸರು, ಠಸ್ಸೆಯಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ನಂಬರ್ ಮತ್ತು ತಾರೀಖು ಇರುತ್ತೆ. ಮನಿಯಾರ್ಡರ್ ಕೂಪನ್ ಆದರೂ ಪರವಾಗಿಲ್ಲ. ಅಪ್ಪನ ಬಾಯಿಮಾತಿಗಿಂತ ಆ ಠಸ್ಸೆಗೆ ಬೆಲೆ ಜಾಸ್ತಿ.

ಕೋರ್ಟು ಕಚೇರಿ:

ರೆಕಾರ್ಡ್ಸ್‌ನವರು ಕೊನೆಗೂ ಒಪ್ಪದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ನಮ್ಮ ರಾಜ್ಯ ಕೊಚ್ಚಿ ಪೀಠಕ್ಕೆ ಸೇರುತ್ತೆ. ಆದರೆ ಸೀದಾ ಅಲ್ಲಿಗೆ ಓಡಬೇಡಿ. ಮೊದಲು ಲಿಖಿತ ಮನವಿ ಕೊಟ್ಟು ಆರು ತಿಂಗಳು ಕಾಯಬೇಕು, ಇಲ್ಲವೇ ಅವರು ನಿರಾಕರಿಸಿದ ಆದೇಶ ಕೈಯಲ್ಲಿ ಇರಬೇಕು. ನಿಮಗೆ ಬಂದ ಆ ಒಂದು ಸಾಲಿನ ಉತ್ತರ ಇದೆಯಲ್ಲ, ಬಿಸಾಡಬೇಡಿ. ಮೆಡಲ್ ಕೊಡಿಸುತ್ತೇನೆ ಅಂತ ದುಡ್ಡು ಕೇಳುವ ಏಜೆಂಟ್‌ಗಳೂ ಇರುತ್ತಾರೆ, ಹತ್ತಿರ ಸೇರಿಸಬೇಡಿ.

ಫೌಜಿಯ ಮಗಳು:

ಭಾನುವಾರ ಅಜ್ಜಿಯ ಟ್ರಂಕು ತೆಗೆದೆವು. ಕೆಳಗಡೆ ಧಾರೆ ಸೀರೆಯ ಮಡಿಕೆಯಲ್ಲಿ ಅಪ್ಪನ ಪತ್ರಗಳು. ಅರ್ಧ ಗೆದ್ದಲು ತಿಂದಿದೆ. ಎರಡು ಚೆನ್ನಾಗಿವೆ, ಒಂದು 1971ರ ನವೆಂಬರ್, ಇನ್ನೊಂದು 1972ರ ಜನವರಿ. ಎರಡರಲ್ಲೂ 99 ಎಪಿಒ, ಎರಡರಲ್ಲೂ ಅದೇ ಅಟ್ಯಾಚ್‌ಮೆಂಟ್ ಯೂನಿಟ್ ಹೆಸರು. ಡಿಸೆಂಬರಿನದು ಒಂದೂ ಇಲ್ಲ. ಅಪ್ಪನನ್ನು ಕೇಳಿದರೆ ಆ ತಿಂಗಳು ಬರೆಯೋಕೆ ಪುರುಸೊತ್ತು ಎಲ್ಲಿತ್ತು ಅಂತಾರೆ.

ಜನವರಿಯ ಪತ್ರದಲ್ಲಿ ಯುದ್ಧದ ಮಾತೇ ಇಲ್ಲ. ಎಮ್ಮೆ ಕರು ಹಾಕಿತಾ, ಗದ್ದೆ ಕುಯ್ಲು ಆಯ್ತಾ, ಇಷ್ಟೇ.

ಗುಂಡು ಹಾರಿಸದ ಕ್ಲರ್ಕ್:

ಎಮ್ಮೆ ಸಾಕು, ಠಸ್ಸೆ ಇದೆಯಲ್ಲ! ಜನವರಿಯ ಪತ್ರಕ್ಕೆ ಸಂಗ್ರಾಮ್ ಕೇಳಿ, ಈ ವಾರವೇ. ಸ್ಟಾರ್‌ಗೆ ಶೀಟ್ ರೋಲ್ ನಕಲು ಬರುವವರೆಗೆ ಕಾಯಿರಿ. ಅದರಲ್ಲಿ ಅಟ್ಯಾಚ್ ಆದ ದಿನ, ವಾಪಸ್ ಬಂದ ದಿನ ಎರಡೂ ಇದ್ದರೆ ಡಿಸೆಂಬರ್ ತಾನಾಗೇ ಮಧ್ಯದಲ್ಲಿ ಬರುತ್ತೆ. ಅಸಲು ಪತ್ರ ಕಳಿಸಬೇಡಿ, ದೃಢೀಕರಿಸಿದ ನಕಲು ಮಾತ್ರ. ಠಸ್ಸೆ ಇರುವ ಕಡೆಯದೂ ಜೆರಾಕ್ಸ್ ಮಾಡಿಸಿ, ಎಲ್ಲರೂ ಮರೆಯೋದು ಅದನ್ನೇ.

ಫೌಜಿಯ ಮಗಳು:

ಆಯ್ತು ಸರ್. ಮಾಹಿತಿ ಹಕ್ಕಿನ 10 ರೂಪಾಯಿಗೆ ಪೋಸ್ಟಲ್ ಆರ್ಡರ್ ಯಾರ ಹೆಸರಿಗೆ ತಗೊಳ್ಳಬೇಕು?

ಕಾಫಿ ತೋಟದ ಪೊನ್ನಕ್ಕ:

ಅಕೌಂಟ್ಸ್ ಆಫೀಸರ್ ಹೆಸರಿಗೆ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿನ ಡಿಸ್ಚಾರ್ಜ್ ಬುಕ್ ಒಳಗೇ ಇಡಿ.