ಜಾರ್ಜಿಯಾ ಅರ್ಲಿ ವೋಟಿಂಗ್: ಶನಿವಾರ, ಭಾನುವಾರ ಯಾರ ಕೈಯಲ್ಲಿದೆ?

ಪ್ರಶ್ನೆ: ಮೇಡಂ, ನಾವು ಅಮೆರಿಕದ ಜಾರ್ಜಿಯಾ ರಾಜ್ಯದ ಆಲ್ಫಾರೆಟಾದಲ್ಲಿದ್ದೇವೆ. ಸಿಟಿಜನ್ ಆದ ಮೇಲೆ ಇದೇ ನಮ್ಮ ಮೊದಲ ವೋಟು. ಹೆಂಡತಿ ನರ್ಸ್, ವಾರದ ದಿನಗಳಲ್ಲಿ ಬಿಡುವೇ ಸಿಗಲ್ಲ. ಕೆಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಭಾನುವಾರವೂ ಅರ್ಲಿ ವೋಟಿಂಗ್, ಅಂದರೆ ಚುನಾವಣೆ ದಿನಕ್ಕೆ ಮುಂಚೆಯೇ ವೋಟ್ ಹಾಕುವ ಅವಕಾಶ, ಇರುತ್ತಂತೆ, ಕೆಲವು ಕಡೆ ಇರಲ್ವಂತೆ. ಒಂದೇ ರಾಜ್ಯದಲ್ಲಿ ಹೀಗ್ಯಾಕೆ? ಕೊನೆ ಗಳಿಗೆಯಲ್ಲಿ ಕೋರ್ಟ್ ದಿನಗಳನ್ನು ಬದಲಾಯಿಸಬಹುದಾ?

ಉತ್ತರ (ಚುನಾವಣಾ ಕಾನೂನು ವಕೀಲೆ): ಕಾನೂನು ಇರುವುದೇ ಹಾಗೆ. ಜಾರ್ಜಿಯಾದ 2021ರ ಚುನಾವಣಾ ಕಾನೂನು ಎಸ್‌ಬಿ 202 ಪ್ರಕಾರ ಅರ್ಲಿ ವೋಟಿಂಗ್ ಚುನಾವಣೆಗೆ ಮುಂಚಿನ ನಾಲ್ಕನೇ ಸೋಮವಾರ ಶುರುವಾಗಿ, ಚುನಾವಣೆಯ ಹಿಂದಿನ ಶುಕ್ರವಾರ ಮುಗಿಯುತ್ತದೆ. ಎರಡು ಶನಿವಾರ ಕಡ್ಡಾಯ. ಮೊದಲು ಒಂದೇ ಕಡ್ಡಾಯವಿತ್ತು, ಅಷ್ಟರ ಮಟ್ಟಿಗೆ ಇದು ಒಳ್ಳೆಯದೇ. ಆದರೆ ಭಾನುವಾರ ಇಡುವುದು ಬಿಡುವುದು ಕೌಂಟಿಗೆ ಬಿಟ್ಟಿದ್ದು. ಕಪ್ಪು ಜನರ ಚರ್ಚುಗಳಲ್ಲಿ ಭಾನುವಾರದ ಪ್ರಾರ್ಥನೆ ಮುಗಿಸಿ ಎಲ್ಲರೂ ಒಟ್ಟಿಗೆ ವೋಟ್ ಹಾಕಲು ಹೋಗುವ ವಾಡಿಕೆ ಇದೆ. ಮಸೂದೆಯ ಹಂತದಲ್ಲಿ ಭಾನುವಾರಕ್ಕೇ ಕತ್ತರಿ ಹಾಕಲು ಹೊರಟಿದ್ದರು, ಜನ ಗಟ್ಟಿಯಾಗಿ ವಿರೋಧಿಸಿದ ಮೇಲೆ ಕೈಬಿಟ್ಟರು.

ಕೋರ್ಟ್ ವಿಷಯಕ್ಕೆ 2022ರ ರನ್‌ಆಫ್ ನೋಡಿ, ಅಂದರೆ ಯಾರಿಗೂ ಅರ್ಧಕ್ಕಿಂತ ಹೆಚ್ಚು ವೋಟ್ ಬಾರದಿದ್ದಾಗ ಮೊದಲಿಬ್ಬರ ನಡುವೆ ನಡೆಯುವ ಎರಡನೇ ಸುತ್ತು. ಡೆಮಾಕ್ರಟಿಕ್ ಪಕ್ಷದ ವಾರ್ನಾಕ್, ರಿಪಬ್ಲಿಕನ್ ಪಕ್ಷದ ವಾಕರ್ ನಡುವಿನ ಸೆನೆಟ್ ಸ್ಪರ್ಧೆ, ಮತದಾನ ಡಿಸೆಂಬರ್ 6ಕ್ಕೆ. ಎಸ್‌ಬಿ 202 ಮೊದಲ ಚುನಾವಣೆಯಿಂದ ರನ್‌ಆಫ್‌ವರೆಗಿನ ಅವಧಿಯನ್ನು ಒಂಬತ್ತು ವಾರದಿಂದ ನಾಲ್ಕು ವಾರಕ್ಕೆ ಇಳಿಸಿತ್ತು, ಹಾಗಾಗಿ ಸಿಗುವ ಶನಿವಾರ ಒಂದೇ, ನವೆಂಬರ್ 26. ಗುರುವಾರ ಥ್ಯಾಂಕ್ಸ್‌ಗಿವಿಂಗ್, ಶುಕ್ರವಾರವೂ ರಜೆ. ರಜೆಯ ಬೆನ್ನಿಗೆ ಬರುವ ಶನಿವಾರ ವೋಟಿಂಗ್ ಇಲ್ಲ ಅಂತ ಕಾನೂನಿನಲ್ಲಿದೆ ಎಂದು ರಾಜ್ಯ ಹೇಳಿತು. ಡೆಮಾಕ್ರಟಿಕ್ ಪಕ್ಷ ಕೋರ್ಟಿಗೆ ಹೋಯಿತು. ಆ ನಿಯಮ ರನ್‌ಆಫ್‌ಗೆ ಅನ್ವಯಿಸಲ್ಲ ಅಂತ ಫುಲ್ಟನ್ ಕೌಂಟಿ ನ್ಯಾಯಾಧೀಶರು ನವೆಂಬರ್ 18ಕ್ಕೆ ತೀರ್ಪು ಕೊಟ್ಟರು, ಅದನ್ನು ತಡೆಯಲು ರಾಜ್ಯದ ಸುಪ್ರೀಂ ಕೋರ್ಟ್ 23ಕ್ಕೆ ಒಪ್ಪಲಿಲ್ಲ. ಉಳಿದದ್ದು ಎರಡೇ ದಿನ, ಅದೂ ಹಬ್ಬದ ನಡುವೆ. ಸಿಬ್ಬಂದಿ ಎಲ್ಲಿಂದ ತರುತ್ತಾರೆ? 159 ಕೌಂಟಿಗಳಲ್ಲಿ ಕೆಲವು ಮಾತ್ರ ಬಾಗಿಲು ತೆರೆದವು. ಕೇಸ್ ಗೆದ್ದರೂ ಎಷ್ಟೋ ಕಡೆಯ ಜನರಿಗೆ ಆ ಶನಿವಾರ ಸಿಗಲಿಲ್ಲ. ನನಗೆ ಇವತ್ತಿಗೂ ಇದು ಬೇಜಾರಿನ ಸಂಗತಿ.

ಪ್ರಶ್ನೆ: ನಾನು ಒಹಾಯೋದವನು ಮೇಡಂ. ಚುನಾವಣೆ ಹತ್ತಿರ ಬಂದಾಗ ಕೋರ್ಟ್ ಕೈ ಹಾಕಲ್ಲ ಅಂತಾರಲ್ವಾ?

ಉತ್ತರ: ಅದು ಫೆಡರಲ್ ಕೋರ್ಟುಗಳ ಮಾತು. ಅಮೆರಿಕದ ಸುಪ್ರೀಂ ಕೋರ್ಟಿನ 2006ರ ಪರ್ಸೆಲ್ ತೀರ್ಪಿನಿಂದ ಬಂದದ್ದು. ಜಾರ್ಜಿಯಾದ್ದು ರಾಜ್ಯದ ಕೋರ್ಟ್, ರಾಜ್ಯದ ಕಾನೂನನ್ನೇ ಅರ್ಥೈಸಿದ್ದು, ಅದಕ್ಕೇ ಸಾಧ್ಯವಾಯಿತು. ನಿಮ್ಮಲ್ಲಿ ಹೆಸರು ನೋಂದಾಯಿಸಿ ಅಲ್ಲೇ ವೋಟ್ ಹಾಕಬಹುದಾದ 'ಗೋಲ್ಡನ್ ವೀಕ್' ಇತ್ತು, ನೆನಪಿದೆಯಾ? 2014ರಲ್ಲಿ ರಾಜ್ಯ ಅದನ್ನು ತೆಗೆಯಿತು, ಕೆಳಗಿನ ಫೆಡರಲ್ ಕೋರ್ಟ್ ಮರಳಿ ಕೊಟ್ಟಿತು. ವೋಟಿಂಗ್ ಶುರುವಾಗುವ ಹಿಂದಿನ ದಿನ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಆ ಆದೇಶಕ್ಕೆ ತಡೆ ಹಾಕಿತು. ರಜೆ ಹಾಕಿ ಕಾದಿದ್ದ ಕೂಲಿಯವರು ಏನು ಮಾಡಬೇಕು ಹೇಳಿ.

ಪ್ರಶ್ನೆ: ಸಾಲಿನಲ್ಲಿ ನಿಂತವರಿಗೆ ನಮ್ಮ ಕನ್ನಡ ಕೂಟದಿಂದ ನೀರು ಹಂಚಬಹುದಾ ಅಕ್ಕ? ನಾವೂ ಜಾರ್ಜಿಯಾದವರೇ.

ಉತ್ತರ: ಮತಗಟ್ಟೆ ಕಟ್ಟಡದಿಂದ 150 ಅಡಿ ಒಳಗೆ ಖಂಡಿತ ಬೇಡ, ಅಪರಾಧವಾಗುತ್ತದೆ. ಅದರಾಚೆಗೂ ಸಾಲಿನಲ್ಲಿರುವವರ 25 ಅಡಿ ಹತ್ತಿರ ಕೊಡಬಾರದು ಅಂತಿತ್ತು. ಆ ಭಾಗಕ್ಕೆ 2023ರಲ್ಲಿ ಫೆಡರಲ್ ನ್ಯಾಯಾಧೀಶರು ತಡೆ ಕೊಟ್ಟರು. ಆದರೂ ಹೋಗುವ ಮುಂಚೆ ಕೌಂಟಿ ಕಚೇರಿಗೆ ಒಂದು ಫೋನ್ ಮಾಡಿ. ಅವರೇ ನೀರಿನ ಕ್ಯಾನ್ ಇಡಲು ಕಾನೂನಿನಲ್ಲಿ ಅವಕಾಶವಿದೆ, ಅದನ್ನೇ ಕೇಳಿ.

ಆಲ್ಫಾರೆಟಾದವರೇ, ನಿಮ್ಮ ಮನೆಯವರು ಮೊದಲ ಶನಿವಾರವೇ ಹೋಗಲಿ, ಭಾನುವಾರ ಸಿಗುತ್ತೆ ಅಂತ ಕಾಯಬೇಡಿ. ಅರ್ಲಿ ವೋಟಿಂಗ್‌ನಲ್ಲಿ ನಿಮ್ಮ ಕೌಂಟಿಯ ಯಾವ ಕೇಂದ್ರವಾದರೂ ಆಗುತ್ತದೆ, ಆಸ್ಪತ್ರೆಗೆ ಹತ್ತಿರದ್ದನ್ನೇ ನೋಡಿಕೊಳ್ಳಿ. ಗುರುತಿಗೆ ಜಾರ್ಜಿಯಾ ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿದಿದ್ದರೂ ನಡೆಯುತ್ತದೆ. ಮುಂದಿನ ಸಲಕ್ಕೆ ಭಾನುವಾರ ಬೇಕಿದ್ದರೆ ಕೌಂಟಿ ಚುನಾವಣಾ ಮಂಡಳಿಯ ಸಭೆಗೆ ಹೋಗಿ ಕೇಳಿ, ಸಾರ್ವಜನಿಕರಿಗೆ ಅಲ್ಲಿ ಮಾತಾಡಲು ಸಮಯ ಕೊಡುತ್ತಾರೆ.