ಕಬೂಸ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಅಮೆರಿಕದ ಗೂಡ್ಸ್ ರೈಲುಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಕಬೂಸ್' ಅನ್ನೋ ಪದಕ್ಕೆ ಬಂದು ಗಾಡಿ ನಿಂತಿದೆ. ರೈಲಿನ ಕಟ್ಟಕಡೆಗೆ ಸಿಕ್ಕಿಸುತ್ತಿದ್ದ, ಹೆಚ್ಚಾಗಿ ಕೆಂಪು ಬಣ್ಣದ ಡಬ್ಬಿ ಅದು. ಮೊದಲು ಸುಮ್ನೆ 'ಗಾರ್ಡ್ ಡಬ್ಬಿ' ಅಂತ ಬರೆದುಬಿಟ್ಟೆ. ಮತ್ತೆ ಓದಿದಾಗ ಯಾಕೋ ಒಪ್ಪಲಿಲ್ಲ.

ನಮ್ಮ ಗಾರ್ಡ್ ವ್ಯಾನು ಬ್ರಿಟನ್ನಿನ ಬ್ರೇಕ್ ವ್ಯಾನಿನ ಮಗು. ಅಲ್ಲಿ ಆ ಕೊನೆಯ ಡಬ್ಬಿಯ ಭಾರ, ಅದರ ಬ್ರೇಕು, ಇವೇ ಮುಖ್ಯ. ಅಮೆರಿಕದಲ್ಲಿ ಹಾಗಲ್ಲ. ಏರ್‌ಬ್ರೇಕ್ ಬರುವ ಮುಂಚೆ ಬ್ರೇಕಿನವರು ಡಬ್ಬಿಗಳ ನೆತ್ತಿ ಮೇಲೆ ಓಡಾಡಿ ಒಂದೊಂದರ ಬ್ರೇಕಿನ ಕೈಚಕ್ರ ತಿರುಗಿಸುತ್ತಿದ್ದರು. ಕಬೂಸ್ ಅವರ ಮನೆ. ಅಡುಗೆ, ನಿದ್ದೆ, ಲೆಕ್ಕ ಬರೆಯೋದು ಎಲ್ಲ ಅಲ್ಲೇ. ಪದದ ಹುಟ್ಟೂ ಅಡುಗೆಮನೆಯದೇ. ಹಡಗಿನ ಅಡುಗೆಕೋಣೆಗೆ ಡಚ್ಚರು ಈಗಲೂ 'ಕೊಂಬೈಸ್' ಅನ್ನುತ್ತಾರೆ. ಅದೇ ಕುಲದ ಪದ ಇಂಗ್ಲಿಷಿಗೆ ಬಂದು, ಸಮುದ್ರ ಬಿಟ್ಟು ಹಳಿ ಹತ್ತಿತು.

ಒಳಗಿನ ಒಲೆ ನೋಡಿ. ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿರುತ್ತಿದ್ದರು, ಪಾತ್ರೆ ಜಾರದ ಹಾಗೆ ಮೇಲೆ ಸುತ್ತಲೂ ಅಂಚು. ಉದ್ದದ ರೈಲಿನಲ್ಲಿ ಕೊಂಡಿಗಳ ಸಡಿಲವೆಲ್ಲ ಒಟ್ಟಿಗೆ ಬಿಗಿದರೆ ಕೊನೆಯ ಡಬ್ಬಿಗೆ ಬೀಳುವ ಹೊಡೆತಕ್ಕೆ ನಿಂತವನೇ ಉರುಳುತ್ತಿದ್ದ. ಇನ್ನು ಕಾಫಿ ಪಾತ್ರೆಯ ಗತಿ?

ನಿಜವಾದ ತಲೆನೋವು ಮಾಡಿನ ಮೇಲಿನ 'ಕ್ಯುಪೋಲಾ'. 1863ರಲ್ಲಿ ಶಿಕಾಗೋ ಅಂಡ್ ನಾರ್ತ್ ವೆಸ್ಟರ್ನ್ ರೈಲಿನ ಕಂಡಕ್ಟರ್ ಟಿ.ಬಿ. ವಾಟ್ಸನ್, ಮಾಡು ತೂತಾದ ಡಬ್ಬಿಯಲ್ಲಿ ಪೆಟ್ಟಿಗೆ ಜೋಡಿಸಿ ಕೂತು, ತಲೆ ಹೊರಗೆ ಹಾಕಿ ರೈಲು ನೋಡುತ್ತಾ ಹೋದನಂತೆ. ಅಲ್ಲಿಂದ ಇದು ಹುಟ್ಟಿತು ಅಂತ ಕಥೆ. 'ಗುಮ್ಮಟ' ಅಂದರೆ ಬಿಜಾಪುರ ಕಣ್ಣಿಗೆ ಬರುತ್ತದೆ, ಅಲ್ವಾ? ಇದು ಸುತ್ತ ಕಿಟಕಿ ಇರುವ ಚೌಕದ ಗೂಡು. ಹೊಲ ಕಾಯುವ 'ಅಟ್ಟಣೆ' ನನಗೆ ಹಿಡಿಸಿದೆ. ಕೆಲಸವೂ ಅದೇ: ಎತ್ತರದಲ್ಲಿ ಕೂತು, ಯಾವ ಇರುಸು ಕಾದು ಹೊಗೆ ಬರುತ್ತಿದೆ ಅಂತ ಕಾಯೋದು.

ಮುಂದೆ ಸರಕಿನ ಡಬ್ಬಿಗಳೇ ಎತ್ತರವಾದವು. ಅಟ್ಟಣೆಯಿಂದ ಏನೂ ಕಾಣದು. ಆಗ ಎರಡೂ ಪಕ್ಕಕ್ಕೆ ಉಬ್ಬಿದ ಕಿಟಕಿಯ ಕಬೂಸ್ ಬೇಕಾಯಿತು. 1923ರಲ್ಲಿ ಆಕ್ರನ್, ಕ್ಯಾಂಟನ್ ಅಂಡ್ ಯಂಗ್ಸ್‌ಟೌನ್ ಎಂಬ ಚಿಕ್ಕ ಕಂಪನಿ ಅಂಥದ್ದನ್ನು ಮಾಡಿಸಿತ್ತು. 'ಚಾಚುಕಿಟಕಿ' ಅಂತ ಬರೆದಿದ್ದೇನೆ. ಸ್ವಲ್ಪ ಜಾಸ್ತಿಯೇ ಕಟ್ಟಿದ ಪದದ ಹಾಗಿದೆ, ಗೊತ್ತು. 1980ರ ದಶಕದಲ್ಲಿ ಕಬೂಸ್ ಕೆಲಸವನ್ನು ಕೊನೆಯ ಡಬ್ಬಿಗೆ ಸಿಕ್ಕಿಸುವ ಮಿನುಗುದೀಪದ ಪೆಟ್ಟಿಗೆಯೊಂದು ಕಸಿದುಕೊಂಡಿತು. ಅದಕ್ಕೆ ರೈಲಿನವರು ಇಟ್ಟ ಹೆಸರು 'ಫ್ರೆಡ್'. ಅದನ್ನು ಹಾಗೇ ಬಿಡುತ್ತೇನೆ.

ಸದ್ಯಕ್ಕೆ 'ಕಬೂಸ್' ಅನ್ನೇ ಉಳಿಸಿ, ಮೊದಲ ಸಲ ಬಂದಲ್ಲಿ 'ಬಾಲದ ಮನೆ' ಅಂತ ಬಿಡಿಸಿ ಹೇಳಿದ್ದೇನೆ. ಆದರೆ ರೈಲಿನವರು ತಮ್ಮತಮ್ಮಲ್ಲಿ ಅದನ್ನು 'ಕ್ರಮ್ಮಿ' ಅನ್ನುತ್ತಿದ್ದರು, ಗಲೀಜು ಅನ್ನೋ ಧಾಟಿಯಲ್ಲಿ, ಪ್ರೀತಿಯಿಂದಲೇ. ಅದಕ್ಕೇನು ಮಾಡಲಿ? ನಿಮ್ಮ ಮನೆಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದವರು ಯಾರಾದರೂ ಇದ್ದರೆ ಸ್ವಲ್ಪ ಕೇಳಿ ಹೇಳಿ, ತಮ್ಮ ಡಬ್ಬಿಯನ್ನು ಬೈಯುವಾಗ ಅವರು ಏನನ್ನುತ್ತಿದ್ದರು?